ಮಟನ್ ಅಂಗಡಿಯಿಂದ ಒಂದು ಗುಂಡಿಗೆ ತಂದು ಹೃದಯ ಕಲಿಯುವ ಬಗೆ

ಭಾನುವಾರ ಬೆಳಿಗ್ಗೆ ಬೇಗ ಎದ್ದು ಮಟನ್ ಅಂಗಡಿಗೆ ಹೋಗಿ. ತಡವಾದರೆ ಗುಂಡಿಗೆ ಸಿಗುವುದಿಲ್ಲ. ಸಿಕ್ಕರೂ ಕಲೇಜಿ, ಗುರ್ದಾ ಜೊತೆ ತುಂಡಾಗಿ ಬಿದ್ದಿರುತ್ತದೆ. ನಮ್ಮ ಕಲಬುರಗಿಯಲ್ಲಿ ‘ದಿಲ್ ಬೇಕು’ ಅಂದರೆ ಸಾಕು, ಅಂಗಡಿಯವರಿಗೆ ತಿಳಿಯುತ್ತದೆ. ಆದರೆ ಇನ್ನೊಂದು ಮಾತು ಕೂಡಲೇ ಸೇರಿಸಬೇಕು: ‘ಚೀರಬ್ಯಾಡ್ರಿ, ಇಡೀದು ಬೇಕು, ಮ್ಯಾಲಿನ ನಳಿಗಳು ಹಂಗೇ ಇರ್ಲಿ.’

‘ರಗತ ಒಳಗೇ ಇರ್ತದ ನೋಡ್ರಿ ಸರ್, ಅಡಿಗಿ ಮಾಡ್ಲಿಕ್ಕೆ ಬರಲ್ಲ’ ಅಂತ ಅವರು ಎಚ್ಚರಿಸುತ್ತಾರೆ. ಅಡುಗೆಗಲ್ಲ, ಪಾಠಕ್ಕೆ ಅಂದರೆ ನಗುತ್ತಾರೆ. ನನಗೆ ಈಗ ಕೇಳದೆಯೇ ಇಡೀದು ತೆಗೆದಿಡುತ್ತಾರೆ.

ಈ ಮಾತು ನಾನು ಕಲಿತದ್ದು ಅವಮಾನವಾದ ಮೇಲೆ. ಪಾಠ ಹೇಳಲು ಶುರು ಮಾಡಿದ ಮೊದಲ ವರ್ಷ, ಸುಮ್ನೆ ಒಂದು ಗುಂಡಿಗೆ ಕಟ್ಟಿಸಿಕೊಂಡು ಬಂದೆ. ಮಕ್ಕಳ ಮುಂದೆ ‘ಈಗ ನೋಡಿ, ಕವಾಟ ನೀರನ್ನು ಹೇಗೆ ತಡೆಯುತ್ತದೆ’ ಅಂತ ಜೋರಾಗಿ ಹೇಳಿ ನೀರು ಸುರಿದೆ. ನೀರೆಲ್ಲ ತಳದಿಂದ ಸೋರಿ ನನ್ನ ಪ್ಯಾಂಟಿನ ಮೇಲೆ ಹರಿಯಿತು. ಅಂಗಡಿಯವರು ರೂಢಿಯಂತೆ ತಳದಲ್ಲಿ ಒಂದು ಸೀಳು ಹಾಕಿದ್ದರು.

ಪಿಯುಸಿ, ನರ್ಸಿಂಗ್, ನೀಟ್ ಅಂತ ಓದುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೃದಯದ ಚಿತ್ರ ಬಾಯಿಪಾಠ ಮಾಡುವವರು ಪರೀಕ್ಷೆ ಮುಗಿದ ಮರುವಾರ ಮರೆಯುತ್ತಾರೆ. ಅದೇ ಹೃದಯದೊಳಗೆ ಒಮ್ಮೆ ಬೆರಳು ಆಡಿಸಿದವರಿಗೆ ಎಷ್ಟೋ ವರ್ಷ ನೆನಪಿರುತ್ತದೆ. ಕುರಿಯದ್ದೋ ಆಡಿನದ್ದೋ ಗುಂಡಿಗೆ ಮನುಷ್ಯನದಕ್ಕೆ ಬಹಳ ಹತ್ತಿರ: ನಾಲ್ಕು ಕೋಣೆ (ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ), ನಾಲ್ಕು ಕವಾಟ, ಅದೇ ದಾರಿ. ಬೇರೆ ಇರುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಮಾಂಸ ಮುಟ್ಟದ ಮನೆಯ ಮಕ್ಕಳು ನಮ್ಮ ಕಡೆ ಬಹಳ. ಅವರಿಗೆ ಒತ್ತಾಯ ಬೇಡ. ಚಪಾತಿ ಹಿಟ್ಟನ್ನು ಎರಡು ಉಂಡೆ ಮಾಡಿ, ಒಂದಕ್ಕೆ ಸ್ವಲ್ಪ ಕುಂಕುಮ ಕಲಸಿ, ನಾಲ್ಕು ಕೋಣೆ ಕಟ್ಟಿ, ಸ್ಟ್ರಾ ಚುಚ್ಚಿ ನಳಿ ಮಾಡಿಕೊಳ್ಳಿ. ಜೋಳದ ಹಿಟ್ಟು ಆಗುವುದಿಲ್ಲ, ಒಣಗಿದ ಕೂಡಲೇ ಬಿರುಕು ಬಿಡುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿ ಹಿಟ್ಟಿನಲ್ಲಿ ಮಾಡಿದ ಹೃದಯ, ಗುಂಡಿಗೆ ಕೊಯ್ದವರ ಚಿತ್ರಕ್ಕಿಂತ ಸರಿಯಾಗಿತ್ತು.

ಹಂತ 1: ಮೊದಲು ನಿಮ್ಮದು ಎಲ್ಲಿದೆ ನೋಡಿಕೊಳ್ಳಿ

ಕೊಯ್ಯುವ ಮುಂಚೆ ಒಂದು ಕೆಲಸ. ‘ಹೃದಯ ಎಲ್ಲಿದೆ?’ ಅಂದರೆ ಎಲ್ಲರ ಕೈಯೂ ಅಂಗಿಯ ಎಡ ಜೇಬಿಗೆ ಹೋಗುತ್ತದೆ. ಅಷ್ಟು ಎಡಕ್ಕಿಲ್ಲ. ಎರಡು ಶ್ವಾಸಕೋಶಗಳ ನಡುವೆ, ಎದೆಯ ನಡು ಎಲುಬಿನ ಹಿಂದೆ ಇದೆ. ಮೂರರಲ್ಲಿ ಎರಡು ಪಾಲು ನಡುಗೆರೆಯ ಎಡಕ್ಕೆ, ಒಂದು ಪಾಲು ಬಲಕ್ಕೆ. ಅಗಲ ಭಾಗ ಮೇಲೆ, ಚೂಪು ತುದಿ ಕೆಳಗೆ ಎಡಕ್ಕೆ ಓರೆಯಾಗಿದೆ. ಆ ತುದಿ ಎಡಗಡೆ ಐದನೆಯ ಮತ್ತು ಆರನೆಯ ಪಕ್ಕೆಲುಬುಗಳ ನಡುವೆ, ಕೊರಳೆಲುಬಿನ ಮಧ್ಯದಿಂದ ಕೆಳಗೆ ಎಳೆದ ಗೆರೆಯ ಹತ್ತಿರ ಬಡಿಯುತ್ತದೆ. ಬಡಿತ ಅಲ್ಲೇ ಕೈಗೆ ಚೆನ್ನಾಗಿ ಸಿಗುವುದರಿಂದ ನಾವು ಇಡೀ ಹೃದಯ ಎಡಕ್ಕಿದೆ ಅಂದುಕೊಳ್ಳುತ್ತೇವೆ.

ಗಾತ್ರ ನಿಮ್ಮ ಮುಷ್ಟಿಯಷ್ಟು. ದೊಡ್ಡವರಲ್ಲಿ ತೂಕ ಸುಮಾರು 250ರಿಂದ 350 ಗ್ರಾಂ.

ಹಂತ 2: ತೊಳೆಯಿರಿ, ಚೀಲ ನೋಡಿ

ಬೇಕಾದ್ದು ಇಷ್ಟೇ: ಅಂಚಿರುವ ಒಂದು ತಾಟು, ಮೊಂಡು ತುದಿಯ ಕತ್ತರಿ, ಕೈಗವಸು, ಎರಡು ಸ್ಟ್ರಾ, ನೀರಿನ ಬಾಟಲಿ. ಬ್ಲೇಡ್ ಬೇಡ. ಒದ್ದೆ ಮಾಂಸದ ಮೇಲೆ ಬ್ಲೇಡ್ ಜಾರುತ್ತದೆ, ಬೆರಳು ಹೋಗುತ್ತದೆ.

ನಲ್ಲಿ ಕೆಳಗೆ ಹಿಡಿದು ತೂತುಗಳ ಒಳಗೆ ನೀರು ಬಿಡಿ. ಕಪ್ಪಗೆ ಹೆಪ್ಪುಗಟ್ಟಿದ ರಕ್ತ ಒತ್ತಿದಂತೆ ಹೊರಬರುತ್ತದೆ. ಎಲ್ಲವೂ ಹೋಗುವ ತನಕ ತೊಳೆಯಿರಿ, ಇಲ್ಲದಿದ್ದರೆ ಒಳಗೆ ಏನೂ ಕಾಣದು.

ಅದೃಷ್ಟ ಇದ್ದರೆ ಮೇಲ್ಭಾಗದಲ್ಲಿ ತೆಳುವಾದ, ಹರಿಯಲು ಕಷ್ಟವಾದ ಬಿಳಿ ಪೊರೆ ಉಳಿದಿರುತ್ತದೆ. ಅದು ಹೃದಯಾವರಣ. ಹೃದಯ ಈ ಚೀಲದೊಳಗೆ ಕೂತಿದೆ. ಚೀಲದ ಹೊರಪದರ ಗಟ್ಟಿ, ಹೃದಯ ಮಿತಿಮೀರಿ ಹಿಗ್ಗದಂತೆ ಹಿಡಿಯುತ್ತದೆ. ಒಳಪದರ ಎರಡು ಮಡಿಕೆ, ನಡುವೆ ಸ್ವಲ್ಪ ದ್ರವ. ಬಡಿಯುವಾಗ ತಿಕ್ಕಾಟ ಆಗದಿರಲಿ ಅಂತ ಆ ದ್ರವ. ಹೃದಯದ ಗೋಡೆಗೆ ಮೂರು ಪದರ: ಹೊರಗಿನ ತೆಳು ಪೊರೆ, ನಡುವಿನ ದಪ್ಪ ಸ್ನಾಯು, ಒಳಗಿನ ನಯವಾದ ಅಸ್ತರಿ.

ಹಂತ 3: ಎಡ ಯಾವುದು, ಬಲ ಯಾವುದು

ಇಲ್ಲಿ ಅವಸರ ಮಾಡಬೇಡಿ. ಹೃದಯದ ಪಾಠದಲ್ಲಿ ಹಾದಿ ತಪ್ಪುವವರಲ್ಲಿ ಬಹಳ ಜನ ಇಲ್ಲೇ ತಪ್ಪುತ್ತಾರೆ.

ಹೃದಯದ ಎಡ ಅಂದರೆ ಅದು ಯಾರದ್ದೋ ಅವರ ಎಡ, ನೋಡುವವರ ಎಡ ಅಲ್ಲ. ಎದುರಿಗೆ ನಿಂತವರ ಎಡಗೈ ನಿಮ್ಮ ಬಲಕ್ಕಿರುತ್ತದೆ ಅಲ್ವಾ? ಪುಸ್ತಕದ ಚಿತ್ರವೂ ಹಾಗೇ ನಿಮ್ಮ ಎದುರು ನಿಂತಿದೆ.

ಕೈಯಲ್ಲಿರುವ ಗುಂಡಿಗೆಗೆ ಮುಂದು ಹಿಂದು ಗೊತ್ತಾಗುವುದು ಹೇಗೆ? ಮೇಲೆ ಸುಕ್ಕುಸುಕ್ಕಾದ ಎರಡು ಕಿವಿಯಂಥ ಮಡಿಕೆಗಳಿವೆ. ಆ ಎರಡೂ ಕಿವಿಯ ತುದಿಗಳು ನಿಮ್ಮ ಕಡೆ ಬಾಗಿ ಕಂಡರೆ ಅದು ಮುಂಭಾಗ. ಅದೇ ಮುಖದಲ್ಲಿ ಕೊಬ್ಬು ತುಂಬಿದ ಒಂದು ಓರೆ ಗೆರೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಅದರ ಕೆಳಗೇ ಎರಡು ಹೃತ್ಕುಕ್ಷಿಗಳ ನಡುಗೋಡೆ ಇದೆ. ಆ ಕೊಬ್ಬನ್ನು ಉಗುರಿನಿಂದ ಸ್ವಲ್ಪ ಸರಿಸಿದರೆ ಹೃದಯಕ್ಕೇ ರಕ್ತ ಕೊಡುವ ನಳಿ ಕಾಣುತ್ತದೆ.

ಇನ್ನೂ ಸಂಶಯವಾದರೆ ಹಿಸುಕಿ ನೋಡಿ. ಒಂದು ಕಡೆ ಮೆತ್ತಗೆ ಒಳಗೆ ಹೋಗುತ್ತದೆ, ಅದು ಬಲ. ಇನ್ನೊಂದು ಕಡೆ ಗಟ್ಟಿ, ಅದು ಎಡ. ಚೂಪು ತುದಿ ಪೂರ್ತಿ ಎಡ ಹೃತ್ಕುಕ್ಷಿಯದ್ದು. ಈ ಹಿಸುಕು ಎಷ್ಟು ನಂಬಿಗಸ್ತ ಅಂದರೆ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ನಾನು ಮಕ್ಕಳಿಗೆ ಕಣ್ಣು ಕಟ್ಟಿಯೇ ಕೊಡುತ್ತೇನೆ.

ಹಂತ 4: ತೂತುಗಳಿಗೆ ಬೆರಳು

ಈಗ ಮೇಲ್ಭಾಗ. ಇಲ್ಲಿ ನಳಿಗಳು ಹುಟ್ಟುತ್ತವೆ, ಸೇರುತ್ತವೆ. ರಕ್ತವನ್ನು ಹೊರಗೆ ಒಯ್ಯುವವು ಅಪಧಮನಿ, ಒಳಗೆ ತರುವವು ಅಭಿಧಮನಿ.

ಮುಂದಕ್ಕೆ ಚಾಚಿದ, ಗೋಡೆ ಸ್ವಲ್ಪ ತೆಳುವಾದದ್ದು ಶ್ವಾಸಕೋಶದ ಅಪಧಮನಿ. ಅದರ ಹಿಂದೆ, ಹೆಚ್ಚುಕಡಿಮೆ ನಡುವಿನಲ್ಲಿ, ರಬ್ಬರ್ ಪೈಪಿನಂತೆ ದಪ್ಪಗಿದ್ದು ಒತ್ತಿದರೂ ಮತ್ತೆ ದುಂಡಗಾಗುವುದು ಮಹಾಪಧಮನಿ. ಎರಡನ್ನೂ ಬೆರಳುಗಳ ನಡುವೆ ಉಜ್ಜಿ ನೋಡಿ. ಅಭಿಧಮನಿಗಳ ಬಾಯಿ ಸೊರಗಿದ ಚೀಲದಂತೆ ಜೋತು ಬೀಳುತ್ತದೆ, ಅಪಧಮನಿಯದ್ದು ತೆರೆದೇ ನಿಲ್ಲುತ್ತದೆ. ಯಾವುದರೊಳಗೆ ಒತ್ತಡ ಹೆಚ್ಚೋ ಅದರ ಗೋಡೆ ದಪ್ಪ. ಈ ಒಂದು ಮಾತು ಕೊನೆಯ ತನಕ ಕೆಲಸಕ್ಕೆ ಬರುತ್ತದೆ.

ಎರಡೂ ದೊಡ್ಡ ಅಪಧಮನಿಗಳ ನಡುವೆ ಒಂದು ಚಿಕ್ಕ ಗಟ್ಟಿ ದಾರದಂಥದ್ದು ಸಿಕ್ಕರೆ ಕತ್ತರಿಸಬೇಡಿ. ಮರಿ ಹೊಟ್ಟೆಯಲ್ಲಿದ್ದಾಗ ಅದು ತೆರೆದ ನಳಿಯಾಗಿತ್ತು. ಶ್ವಾಸಕೋಶ ಆಗ ಉಸಿರಾಡುತ್ತಿರಲಿಲ್ಲ, ಹಾಗಾಗಿ ರಕ್ತ ಅಡ್ಡದಾರಿ ಹಿಡಿದು ನೇರ ಮಹಾಪಧಮನಿಗೆ ಹೋಗುತ್ತಿತ್ತು. ಹುಟ್ಟಿದ ಮೇಲೆ ಮುಚ್ಚಿ ದಾರವಾಯಿತು. ನಮ್ಮಲ್ಲೂ ಹೀಗೇ.

ಬಲಗಡೆ ಮೇಲಿನ ಕೋಣೆಯ ಜೋತುಬಿದ್ದ ತೂತಿಗೆ ತೋರುಬೆರಳು ಹಾಕಿ. ಅದು ಮೇಲಿನ ಮಹಾ ಅಭಿಧಮನಿ. ಬೆರಳು ಕೆಳಗೆ ಜಾರಿದರೆ ಕೆಳಗಿನ ಮಹಾ ಅಭಿಧಮನಿಯಿಂದ ತುದಿ ಹೊರಗೆ ಬರುತ್ತದೆ. ತಲೆ, ಕೈಗಳಿಂದ ಬರುವ ರಕ್ತಕ್ಕೆ ಮೇಲಿನದು, ಹೊಟ್ಟೆ, ಕಾಲುಗಳಿಂದ ಬರುವುದಕ್ಕೆ ಕೆಳಗಿನದು. ಹತ್ತಿರದಲ್ಲೇ ಮೂರನೆಯ ಚಿಕ್ಕ ಬಾಯಿ ಇದೆ. ಹೃದಯದ ಸ್ವಂತ ಸ್ನಾಯು ಬಳಸಿದ ರಕ್ತ ಅಲ್ಲಿಂದ ವಾಪಸ್ ಬರುತ್ತದೆ. ಪುಸ್ತಕದ ಚಿತ್ರದಲ್ಲಿ ಇದನ್ನು ಬಿಡುವುದೇ ಜಾಸ್ತಿ.

ಹಿಂಭಾಗದಲ್ಲಿ ಎಡ ಹೃತ್ಕರ್ಣಕ್ಕೆ ಶ್ವಾಸಕೋಶದ ಅಭಿಧಮನಿಗಳು ಸೇರುತ್ತವೆ. ಮನುಷ್ಯನಲ್ಲಿ ನಾಲ್ಕು. ಅಂಗಡಿಯ ಗುಂಡಿಗೆಯಲ್ಲಿ ಅವು ಕತ್ತರಿಸಿ ಹೋಗಿ ಒಂದೇ ಹರಿದ ದೊಡ್ಡ ಬಾಯಿ ಕಾಣಬಹುದು, ಗಾಬರಿ ಬೇಡ. ಇನ್ನೊಂದು ವ್ಯತ್ಯಾಸ: ನಮ್ಮ ಮಹಾಪಧಮನಿಯ ಕಮಾನಿನಿಂದ ಮೂರು ಕವಲು ಹೊರಡುತ್ತವೆ, ಕುರಿ ಆಡುಗಳಲ್ಲಿ ಒಂದೇ ದಪ್ಪ ಕವಲು ಹೊರಟು ಮುಂದೆ ಒಡೆಯುತ್ತದೆ. ಪರೀಕ್ಷೆಯಲ್ಲಿ ಮೂರನ್ನೇ ಬರೆಯಿರಿ.

ಹಂತ 5: ಕೊಯ್ಯುವ ಮೊದಲು ನೀರಿನ ಪರೀಕ್ಷೆ

ಮಹಾಪಧಮನಿಯನ್ನು ಮೇಲ್ಮುಖವಾಗಿ ಹಿಡಿದು ಬಾಟಲಿಯಿಂದ ನಿಧಾನಕ್ಕೆ ನೀರು ಸುರಿಯಿರಿ. ಒಳಗೆ ಹರಿದು ಹೋಗದೆ ಬಟ್ಟಲಿನಲ್ಲಿ ನಿಂತಂತೆ ನಿಲ್ಲಬೇಕು. ಮೇಲಿನಿಂದ ಇಣುಕಿದರೆ ಮೂರು ಪುಟ್ಟ ಜೇಬುಗಳು ಉಬ್ಬಿ ನಡುವೆ ಒಂದಕ್ಕೊಂದು ಒತ್ತಿಕೊಂಡಿರುವುದು ಕಾಣುತ್ತದೆ. ಅರ್ಧಚಂದ್ರಾಕಾರದ ಕವಾಟ ಅಂತ ಓದಿದ್ದು ಇದೇ. ನೀರಿನ ಮಟ್ಟ ನಿಧಾನಕ್ಕೆ ಇಳಿದರೆ ಅದು ಕವಾಟದ ತಪ್ಪಲ್ಲ, ಹೃದಯದ ಸ್ವಂತ ನಳಿಗಳ ಬಾಯಿ ಅಲ್ಲೇ ಇದೆ, ಅದರೊಳಗೆ ಹೋಗುತ್ತಿದೆ.

ಈಗ ಬಲ ಹೃತ್ಕರ್ಣದ ಮೇಲ್ಭಾಗವನ್ನು ಸ್ವಲ್ಪ ಕತ್ತರಿಸಿ ತೆರೆಯಿರಿ. ಕೆಳಗಿನ ಕೋಣೆಗೆ ನೀರು ತುಂಬಿಸಿ. ಶ್ವಾಸಕೋಶದ ಅಪಧಮನಿಯ ಬಾಯಿಯನ್ನು ಚಿವುಟಿ ಹಿಡಿದು, ಕೆಳಗಿನ ಕೋಣೆಯನ್ನು ಮೆಲ್ಲಗೆ ಹಿಸುಕಿ. ಮೂರು ಬಿಳಿ ಪರದೆಗಳು ತೇಲಿ ಮೇಲೆ ಬಂದು ಬಾಗಿಲು ಹಾಕುತ್ತವೆ. ಕೈ ಸಡಿಲಿಸಿ, ಬಾಗಿಲು ತೆರೆಯುತ್ತದೆ.

ಇದನ್ನು ಹತ್ತು ಸಲವಾದರೂ ಮಾಡಿ. ಪ್ರಾಣಿ ಸತ್ತು ಗಂಟೆಗಳಾಗಿವೆ. ನರ ಇಲ್ಲ, ಕರೆಂಟು ಇಲ್ಲ. ಆದರೂ ಕವಾಟ ಕೆಲಸ ಮಾಡುತ್ತಿದೆ! ಯಾಕೆಂದರೆ ಕವಾಟಕ್ಕೆ ಸ್ವಂತ ಬುದ್ಧಿ ಇಲ್ಲ. ಯಾವ ಕಡೆ ಒತ್ತಡ ಹೆಚ್ಚೋ ಅದು ತಳ್ಳಿದಂತೆ ತೆರೆಯುತ್ತದೆ, ಮುಚ್ಚುತ್ತದೆ. ‘ಯಾವ ಕವಾಟ ಯಾವಾಗ ತೆರೆದಿರುತ್ತದೆ’ ಅನ್ನುವ ಕೋಷ್ಟಕವನ್ನು ಮಕ್ಕಳು ರಾತ್ರಿಯೆಲ್ಲ ಉರು ಹೊಡೆಯುತ್ತಾರೆ. ಎಲ್ಲಿ ಒತ್ತಡ ಹೆಚ್ಚು ಅಂತ ಕೇಳಿಕೊಂಡರೆ ಆ ಕೋಷ್ಟಕವೇ ಬೇಕಾಗಿಲ್ಲ.

ಹಂತ 6: ಬಲಗಡೆ ತೆರೆಯಿರಿ

ಮೇಲಿನ ಮಹಾ ಅಭಿಧಮನಿಯಿಂದ ಕತ್ತರಿ ಇಳಿಸಿ, ಹೃತ್ಕರ್ಣ ದಾಟಿ, ಬಲ ಹೃತ್ಕುಕ್ಷಿಯ ಹೊರಗೋಡೆಯುದ್ದಕ್ಕೂ ಕೆಳಗಿನ ತನಕ ಕೊಯ್ದು ಪುಸ್ತಕದಂತೆ ಬಿಡಿಸಿ.

ಮೇಲಿನ ಕೋಣೆಯ ಗೋಡೆಯಲ್ಲಿ ಬಾಚಣಿಗೆ ಹಲ್ಲಿನಂಥ ಸಾಲುಗಳಿವೆ. ಎರಡು ಹೃತ್ಕರ್ಣಗಳ ನಡುಗೋಡೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಂದು ಕಡೆ ತೆಳುವಾಗಿ ಬೆಳಕು ಹಾಯುವ ಚಿಕ್ಕ ಗುಳಿ ಕಾಣುತ್ತದೆ. ಇದು ಹೊಟ್ಟೆಯೊಳಗಿನ ದಿನಗಳ ಎರಡನೆಯ ಅಡ್ಡದಾರಿ. ಆಗ ಕಿಂಡಿಯಾಗಿತ್ತು, ಈಗ ಮುಚ್ಚಿದ ಗುರುತು.

ಕೆಳಗಿನ ಕೋಣೆಯಲ್ಲಿ ಮೂರು ಎಸಳಿನ ಟ್ರೈಕಸ್ಪಿಡ್ ಕವಾಟ. ಅದರ ಅಂಚಿನಿಂದ ಬಿಳಿ ದಾರಗಳು ಇಳಿದು ಗೋಡೆಯಿಂದ ಎದ್ದ ಬೆರಳಿನಂಥ ಸ್ನಾಯುಗಳಿಗೆ ಕಟ್ಟಿಕೊಂಡಿವೆ. ಒಂದು ದಾರವನ್ನು ಎಳೆದು ನೋಡಿ. ತೆಳುವಾಗಿದ್ದರೂ ಗಾಳಿಪಟದ ಮಾಂಜಾದಷ್ಟು ಬಿಗಿ. ಈ ದಾರಗಳು ಬಾಗಿಲನ್ನು ಎಳೆದು ತೆರೆಯುತ್ತವೆ ಅಂತ ಬಹಳ ಮಕ್ಕಳು ಬರೆಯುತ್ತಾರೆ. ತಪ್ಪು. ಜೋರು ಗಾಳಿಗೆ ಕೊಡೆ ಹೇಗೆ ಹಿಂದುಮುಂದಾಗಿ ಮಡಚಿಕೊಳ್ಳುತ್ತದೆಯೋ ಹಾಗೆ ಎಸಳುಗಳು ಮೇಲಿನ ಕೋಣೆಗೆ ಮಗುಚದಂತೆ ದಾರ ಹಿಡಿದುಕೊಳ್ಳುತ್ತದೆ. ಹಿಡಿಯುವುದಷ್ಟೇ ಅದರ ಕೆಲಸ.

ನಡುಗೋಡೆಯಿಂದ ಹೊರಗೋಡೆಗೆ ಸೇತುವೆಯಂತೆ ಒಂದು ಸ್ನಾಯುಪಟ್ಟಿ ಅಡ್ಡ ಹೋಗಿರುತ್ತದೆ. ಕುರಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬಡಿತ ಹುಟ್ಟಿಸುವ ಮಿಂಚಿನ (ಕರೆಂಟಿನ) ಸಂದೇಶ ಒಯ್ಯುವ ನಾರುಗಳಲ್ಲಿ ಕೆಲವು ಇದರೊಳಗೆ ಹಾದು ಹೋಗುತ್ತವೆ.

ಕತ್ತರಿ ಕೆಳಗಿಟ್ಟು, ಎರಡು ಹೃತ್ಕುಕ್ಷಿಗಳ ನಡುಗೋಡೆಯನ್ನು ಬೆರಳಿನಿಂದ ಒತ್ತಿ ತೂತು ಹುಡುಕಿ. ಸಿಗುವುದಿಲ್ಲ. ಗ್ರೀಕ್ ವೈದ್ಯ ಗ್ಯಾಲನ್ ಇಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಅಂತ ಹೇಳಿದ್ದ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜನ ಅದನ್ನೇ ನಂಬಿದರು. 13ನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಅನ್ನುವ ಅರಬ್ ವೈದ್ಯ, ಈ ಗೋಡೆ ಗಟ್ಟಿ, ತೂತಿಲ್ಲ, ರಕ್ತ ಶ್ವಾಸಕೋಶ ಸುತ್ತಿಯೇ ಎಡಕ್ಕೆ ಬರಬೇಕು ಅಂದ. 1628ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವಿ ಇಡೀ ದೇಹದ ರಕ್ತ ಸುತ್ತು ಹೊಡೆಯುತ್ತದೆ ಅಂತ ತೋರಿಸಿದ. ಅಪಧಮನಿಯಿಂದ ಅಭಿಧಮನಿಗೆ ದಾಟಿಸುವ ಕೂದಲಿಗಿಂತ ಸಣ್ಣ ನಳಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡವನು ಇಟಲಿಯ ವೈದ್ಯ ಮಾಲ್ಪೀಗಿ, 1661ರಲ್ಲಿ. ಇಷ್ಟೆಲ್ಲ ಜಗಳ ನಡೆದದ್ದು ನಿಮ್ಮ ಬೆರಳ ತುದಿಯಲ್ಲಿರುವ ಈ ಗೋಡೆಯ ಮೇಲೆ.

ಹಂತ 7: ಎಡಗಡೆ

ಎಡ ಹೃತ್ಕರ್ಣದಿಂದ ಶುರು ಮಾಡಿ ತುದಿಯ ತನಕ ಕೊಯ್ಯಿರಿ. ಕತ್ತರಿಗೆ ಇಲ್ಲಿ ಜೋರು ಬೇಕು. ಎರಡೂ ಕಡೆಯ ಗೋಡೆಗಳನ್ನು ಪಕ್ಕಪಕ್ಕ ಇಟ್ಟು ಸ್ಕೇಲಿನಿಂದ ಅಳೆಯಿರಿ. ಮನುಷ್ಯನಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಸುಮಾರು 1 ಸೆಂ.ಮೀ., ಬಲದ್ದು ಅದರ ಮೂರನೇ ಒಂದು ಪಾಲು.

ಎರಡೂ ಕಡೆ ಹೊರಗೆ ಹಾಕುವ ರಕ್ತ ಮಾತ್ರ ಒಂದೇ ಅಳತೆ. ಹಾಗಿದ್ದರೆ ಎಡಕ್ಕೆ ಯಾಕೆ ಅಷ್ಟು ದಪ್ಪ? ಬಲದ್ದು ನಮ್ಮೂರಿನ ಸೂಪರ್ ಮಾರ್ಕೆಟ್‌ನಿಂದ ಸ್ಟೇಷನ್‌ಗೆ ಹೋಗುವ ಆಟೊ. ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಹೋಗಿ ಬರಬೇಕು, ಅಲ್ಲಿನ ದಾರಿಯೂ ಸಡಿಲ, 25 ಮಿ.ಮೀ. ಪಾದರಸದಷ್ಟು ಒತ್ತಡ ಸಾಕು. ಎಡದ್ದು ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು. ತಲೆಯಿಂದ ಕಾಲಿನ ಬೆರಳ ತನಕ ತಲುಪಿಸಬೇಕು, 120ರಷ್ಟು ಒತ್ತಡ ಬೇಕು. ಬಿಪಿ ನೋಡುವಾಗ ‘120/80’ ಅನ್ನುವಲ್ಲಿ ಮೊದಲ ಅಂಕೆ ಇದೇ ಹಿಸುಕಿನದ್ದು. 80 ಅಂದರೆ ಹೃದಯ ಸಡಿಲವಾದಾಗಲೂ ಅಪಧಮನಿಯಲ್ಲಿ ಉಳಿದಿರುವ ಒತ್ತಡ.

ಎಡ ಬಾಗಿಲು ಮೈಟ್ರಲ್ ಕವಾಟ, ಎರಡೇ ಎಸಳು. ಮುಂದಿನ ಎಸಳಿನ ಹಿಂದೆ ಬೆರಳು ತೂರಿಸಿ ಮೇಲಕ್ಕೆ ತಳ್ಳಿದರೆ ಮಹಾಪಧಮನಿಯಿಂದ ಹೊರಬರುತ್ತದೆ. ಆ ದಾರಿಯಲ್ಲೇ ಕತ್ತರಿ ಹಾಕಿ ತೆರೆಯಿರಿ. ಮೂರು ಜೇಬುಗಳು ಅಂಗಿಯ ಜೇಬಿನಂತೆ ಸಾಲಾಗಿ ಕಾಣುತ್ತವೆ. ಎರಡು ಜೇಬುಗಳ ಮೇಲ್ಗಡೆ ಒಂದೊಂದು ಸಣ್ಣ ತೂತು. ಸ್ಟ್ರಾ ತುದಿ ಇಟ್ಟು ನೋಡಿ.

ಅವು ಹೃದಯದ ಸ್ವಂತ ನಳಿಗಳ ಬಾಯಿ, ಒಂದು ಬಲ, ಒಂದು ಎಡ. ಕೋಣೆಗಳ ತುಂಬ ರಕ್ತ ಇದ್ದರೂ ಹೃದಯದ ದಪ್ಪ ಸ್ನಾಯು ಅದನ್ನು ನೇರವಾಗಿ ಹೀರಿಕೊಳ್ಳಲಾರದು. ಈ ಎರಡು ತೂತುಗಳಿಂದಲೇ ಅದಕ್ಕೆ ಊಟ. ಅದೂ ಬಡಿತದ ಹೊತ್ತಿನಲ್ಲಲ್ಲ, ಎಡ ಸ್ನಾಯುವಿಗೆ ಹೆಚ್ಚು ರಕ್ತ ಹರಿಯುವುದು ಹೃದಯ ಸಡಿಲಾದಾಗ. ಬಿಗಿಹಿಡಿದ ಸ್ನಾಯು ತನ್ನೊಳಗಿನ ನಳಿಗಳನ್ನೇ ಹಿಸುಕಿಬಿಡುತ್ತದೆ.

ಎಡ ನಳಿ ಎರಡಾಗಿ ಒಡೆದು, ಒಂದು ಕವಲು ನೀವು ಉಗುರಿನಿಂದ ಕೆದಕಿದ ಆ ಮುಂದಿನ ಗೆರೆಯಲ್ಲಿ ಇಳಿಯುತ್ತದೆ. ಇದರೊಳಗೆ ಕೊಬ್ಬು ಕಟ್ಟಿ, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದರ ಹಿಂದಿನ ಸ್ನಾಯು ಸಾಯತೊಡಗುತ್ತದೆ. ಹಾರ್ಟ್ ಅಟ್ಯಾಕ್ ಅಂದರೆ ಅದು. ಹೃದಯ ಬಡಿಯುವುದೇ ನಿಂತರೆ ಅದು ಕಾರ್ಡಿಯಾಕ್ ಅರೆಸ್ಟ್, ಬೇರೆ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಆಂಜಿಯೋ, ಸ್ಟೆಂಟ್ ಅನ್ನುವ ಮಾತು ಈಗ ನಮ್ಮೂರಿನ ಮನೆಮನೆಯಲ್ಲಿ ಕೇಳುತ್ತದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ 371 ಹಾಸಿಗೆಗಳ ಹೊಸ ಕಟ್ಟಡ ಉದ್ಘಾಟನೆಯಾಯಿತು. ಆದರೂ ಎದೆ ಹಿಡಿದರೆ ‘ಗ್ಯಾಸ್ ಇರಬೇಕು’ ಅಂತ ಅಜವಾನ ತಿಂದು ಮಲಗುವವರು ಇದ್ದಾರೆ. ಎದೆಯ ನಡುವೆ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ಕಾಯದೆ 108ಕ್ಕೆ ಫೋನ್ ಮಾಡಬೇಕು. ಆ ನಳಿಯ ಸಣ್ಣತನ ಕಣ್ಣಾರೆ ನೋಡಿದ ಮೇಲೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಂತ 8: ಒಂದು ಹನಿಯ ಹಿಂದೆ ಹೋಗಿ

ಬಿಡಿಸಿಟ್ಟ ಗುಂಡಿಗೆಯ ಮೇಲೆ ಬೆರಳು ನಡೆಸುತ್ತಾ ಬಾಯಲ್ಲಿ ಹೇಳಿ. ಮಹಾ ಅಭಿಧಮನಿ, ಬಲ ಹೃತ್ಕರ್ಣ, ಟ್ರೈಕಸ್ಪಿಡ್, ಬಲ ಹೃತ್ಕುಕ್ಷಿ, ಶ್ವಾಸಕೋಶದ ಅಪಧಮನಿ, ಶ್ವಾಸಕೋಶ, ಶ್ವಾಸಕೋಶದ ಅಭಿಧಮನಿ, ಎಡ ಹೃತ್ಕರ್ಣ, ಮೈಟ್ರಲ್, ಎಡ ಹೃತ್ಕುಕ್ಷಿ, ಮಹಾಪಧಮನಿ, ಮೈಯೆಲ್ಲ, ಮತ್ತೆ ಮಹಾ ಅಭಿಧಮನಿ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಸುಮ್ನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಅಷ್ಟನ್ನೇ ತಳ್ಳುತ್ತದೆ. ಅಂದರೆ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಅಪಧಮನಿ ಅಂದರೆ ಹೃದಯದಿಂದ ಹೊರಗೆ ಒಯ್ಯುವುದು, ಅಭಿಧಮನಿ ಅಂದರೆ ಒಳಗೆ ತರುವುದು. ಆಮ್ಲಜನಕ ಇದೆಯೋ ಇಲ್ಲವೋ ಅನ್ನುವುದಕ್ಕೂ ಹೆಸರಿಗೂ ಸಂಬಂಧವಿಲ್ಲ. ಶ್ವಾಸಕೋಶದ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತ ಇರುವುದು ಇದಕ್ಕೇ.

ನಾನು ಓದಿದ ಶಾಲೆಯ ಗೋಡೆಯಲ್ಲಿ ಒಂದು ಚಾರ್ಟ್ ಇತ್ತು, ಅರ್ಧ ಕೆಂಪು, ಅರ್ಧ ನೀಲಿ. ಹತ್ತನೇ ತರಗತಿ ತನಕ ನನ್ನೊಳಗೆ ಅರ್ಧ ರಕ್ತ ನೀಲಿ ಅಂತಲೇ ನಂಬಿದ್ದೆ. ರಕ್ತ ಎಲ್ಲೂ ನೀಲಿ ಇಲ್ಲ, ಒಂದು ಕಡೆ ಹೊಳಪು ಕೆಂಪು, ಇನ್ನೊಂದು ಕಡೆ ಕಡುಗೆಂಪು, ಅಷ್ಟೇ. ‘ಅಶುದ್ಧ ರಕ್ತ’ ಅನ್ನುವ ಮಾತೂ ನನಗೆ ಸೇರುವುದಿಲ್ಲ. ಮೈ ಸುತ್ತಿ ವಾಪಸ್ ಬಂದ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇನ್ನೂ ಆಮ್ಲಜನಕ ಅಂಟಿಕೊಂಡೇ ಇರುತ್ತದೆ. ಅದರಲ್ಲಿ ಕೊಳೆ ಏನಿದೆ?

ಹಂತ 9: ಕಣ್ಣಿಗೆ ಕಾಣದ ಕರೆಂಟು

ಇದನ್ನು ಗುಂಡಿಗೆಯಲ್ಲಿ ತೋರಿಸಲಾಗದು, ಜಾಗ ಮಾತ್ರ ತೋರಿಸಬಹುದು. ಮೇಲಿನ ಮಹಾ ಅಭಿಧಮನಿ ಬಲ ಹೃತ್ಕರ್ಣಕ್ಕೆ ಸೇರುವ ಜಾಗದಲ್ಲಿ ಎಸ್‌ಎ ನೋಡ್ ಇದೆ. ಅಲ್ಲಿನ ಜೀವಕೋಶಗಳು ಯಾರೂ ಹೇಳದೆಯೇ ನಿಮಿಷಕ್ಕೆ 60ರಿಂದ 100 ಸಲ ಮಿಂಚುತ್ತವೆ. ಮೆದುಳಿನ ನರಗಳು ವೇಗ ಹೆಚ್ಚು ಕಡಿಮೆ ಮಾಡುತ್ತವೆಯೇ ಹೊರತು ಬಡಿತ ಹುಟ್ಟಿಸುವುದಿಲ್ಲ.

ಮಿಂಚು ಎರಡೂ ಹೃತ್ಕರ್ಣಗಳಿಗೆ ಹರಡುತ್ತದೆ, ಅವು ಹಿಸುಕುತ್ತವೆ. ಕೆಳಗೆ ನೇರ ಇಳಿಯಲು ದಾರಿ ಇಲ್ಲ. ಕವಾಟಗಳ ಸುತ್ತ ಕರೆಂಟು ಹಾಯದ ಗಟ್ಟಿ ನಾರಿನ ಉಂಗುರಗಳಿವೆ. ಇರುವುದು ಒಂದೇ ಕಿಂಡಿ, ಎವಿ ನೋಡ್. ಗಾತ್ರ ಹೆಚ್ಚುಕಡಿಮೆ ಒಂದು ತೊಗರಿಬೇಳೆಯಷ್ಟು. ಅಲ್ಲಿ ಸಂದೇಶ ಸುಮಾರು 0.1 ಸೆಕೆಂಡು ತಡೆಯುತ್ತದೆ. ಮೇಲಿನ ಕೋಣೆ ಪೂರ್ತಿ ಖಾಲಿಯಾಗಲಿ ಅಂತ ಈ ತಡೆ. ಆಮೇಲೆ ಸಂದೇಶ ಒಯ್ಯುವ ನಾರುಗಳ ಹಿಸ್ ಕಟ್ಟು, ಅದರ ಎರಡು ಕವಲು, ಅವುಗಳಿಂದ ಹರಡುವ ಪುರ್ಕಿಂಜೆ ನಾರುಗಳು, ಅಲ್ಲಿಂದ ತುದಿಯ ತನಕ ಸರ್ರನೆ ಹರಡುತ್ತದೆ. ಹಿಸುಕು ತುದಿಯ ಕಡೆಯಿಂದ ಮೇಲೆ ಏರುತ್ತದೆ. ಪೇಸ್ಟ್ ಟ್ಯೂಬನ್ನು ತಳದಿಂದ ಒತ್ತುವುದೇ ಸರಿ ಅಲ್ವಾ? ಬಾಯಿ ಮೇಲಿದೆ.

ಈ ಕರೆಂಟನ್ನು ಗೆರೆಯಾಗಿ ಬರೆಯುವ ಇಸಿಜಿ ಯಂತ್ರದ ಹಾಳೆಯಲ್ಲಿ ಮೊದಲ ಚಿಕ್ಕ ಉಬ್ಬು, ‘ಪಿ’, ಹೃತ್ಕರ್ಣಗಳ ಮಿಂಚು. ಚೂಪಾದ ‘ಕ್ಯೂಆರ್‌ಎಸ್’ ಹೃತ್ಕುಕ್ಷಿಗಳದ್ದು. ಕೊನೆಯ ‘ಟಿ’ ಉಬ್ಬು ಅಂದರೆ ಅವು ಮತ್ತೆ ಸಿದ್ಧವಾಗುತ್ತಿವೆ. ಈ ಯಂತ್ರಕ್ಕಾಗಿ ಡಚ್ ವಿಜ್ಞಾನಿ ಐಂತೋವನ್‌ಗೆ 1924ರ ನೊಬೆಲ್ ಬಂತು.

ಹಂತ 10: 0.8 ಸೆಕೆಂಡಿನ ಲೆಕ್ಕ

ನಿಮಿಷಕ್ಕೆ 75 ಬಡಿತ ಅಂದರೆ ಒಂದಕ್ಕೆ 0.8 ಸೆಕೆಂಡು. ಅದರಲ್ಲಿ ಹೃತ್ಕರ್ಣದ ಹಿಸುಕಿಗೆ 0.1, ಹೃತ್ಕುಕ್ಷಿಗೆ 0.3, ಉಳಿದ 0.4 ನಾಲ್ಕೂ ಕೋಣೆಗಳಿಗೆ ವಿರಾಮ. ಅರ್ಧ ಹೊತ್ತು ರಜೆ! ಆದರೆ ಈ ರಜೆಯಲ್ಲೇ ಹೃತ್ಕುಕ್ಷಿ ಮುಕ್ಕಾಲು ತುಂಬಿಬಿಟ್ಟಿರುತ್ತದೆ. ಹೃತ್ಕರ್ಣ ಕೊನೆಗೆ ಸೇರಿಸುವುದು ಉಳಿದ 20ರಿಂದ 30 ಶೇಕಡಾ ಮಾತ್ರ. ಹೃದಯ ತೀರ ವೇಗವಾಗಿ ಓಡಿದಾಗ ಮೊದಲು ಕತ್ತರಿ ಬೀಳುವುದೂ ಈ ವಿರಾಮಕ್ಕೇ. ಆಗ ತುಂಬಲು ಹೊತ್ತಿಲ್ಲ, ಸ್ವಂತ ಸ್ನಾಯುವಿಗೆ ರಕ್ತ ಸಿಗಲೂ ಹೊತ್ತಿಲ್ಲ.

ಹೃತ್ಕುಕ್ಷಿ ಹಿಸುಕಲು ಶುರು ಮಾಡಿದ ಕೂಡಲೇ ಟ್ರೈಕಸ್ಪಿಡ್, ಮೈಟ್ರಲ್ ಮುಚ್ಚುತ್ತವೆ, ಅದು ‘ಲಬ್’. ಸಡಿಲಾಗುತ್ತಿದ್ದಂತೆ ಜೇಬಿನ ಕವಾಟಗಳು ಮುಚ್ಚುತ್ತವೆ, ಅದು ‘ಡಬ್’. ಶಬ್ದ ಬರುವುದು ತೆರೆಯುವಾಗ ಅಲ್ಲ. ಒಂದು ಕೊಳವೆಗೆ ಪ್ಲಾಸ್ಟಿಕ್ ಲಾಳಿಕೆ ಸಿಕ್ಕಿಸಿ ಗೆಳೆಯನ ಎದೆಗೆ ಹಿಡಿದರೆ ಎರಡೂ ಕೇಳುತ್ತವೆ. 1816ರಲ್ಲಿ ಫ್ರೆಂಚ್ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ಕೇಳಿದ್ದೂ ಇದನ್ನೇ.

ಒಂದು ಬಡಿತಕ್ಕೆ ಸುಮಾರು 70 ಮಿ.ಲೀ. ಹೊರಗೆ. 72 ಬಡಿತಕ್ಕೆ 5,040 ಮಿ.ಲೀ. ದಿನಕ್ಕೆ 7,200 ಲೀಟರ್ ದಾಟುತ್ತದೆ. ನಲ್ಲಿ ನೀರಿಗೆ ಕಾದು ಕೊಡ ಹೊತ್ತ ನಮ್ಮೂರಿನವರಿಗೆ ಬೇರೆ ಲೆಕ್ಕ ಹೇಳುತ್ತೇನೆ: 15 ಲೀಟರ್‌ನ 480 ಕೊಡ, ದಿನಾ.

ಹಂತ 11: ನಿಮ್ಮ ಮೇಲೆ ಪ್ರಯೋಗ

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೇ ಸ್ವಂತ ನಾಡಿ ಇದೆ, ಲೆಕ್ಕ ತಪ್ಪುತ್ತದೆ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಮಲಗಿ ಒಮ್ಮೆ, ನಿಂತು ಒಮ್ಮೆ, ಮೂರು ಮಹಡಿ ಹತ್ತಿ ಒಮ್ಮೆ ಬರೆದಿಡಿ. ಹತ್ತಿದ ಮೇಲೆ ಮತ್ತೆ ಮೊದಲಿನ ಅಂಕೆಗೆ ಬರಲು ಎಷ್ಟು ನಿಮಿಷ ಹಿಡಿಯಿತು ಅನ್ನುವುದೇ ನನಗೆ ಎಲ್ಲಕ್ಕಿಂತ ಇಷ್ಟದ ಅಂಕೆ. ಅಭ್ಯಾಸ ಇರುವವರದ್ದು ಬೇಗ ಇಳಿಯುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಪ್ರಯೋಗ ಪುಕ್ಕಟೆ ಸಿಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಹೊರಗಿನಿಂದ ಬಂದು ನಾಡಿ ನೋಡಿ, ಬೆಳಗಿನದಕ್ಕಿಂತ ಜಾಸ್ತಿ ಇರುತ್ತದೆ. ಮೈ ತಣಿಸಲು ಚರ್ಮದ ನಳಿಗಳು ಅಗಲವಾಗಿ ರಕ್ತ ಅಲ್ಲಿಗೆ ಹೋಗುತ್ತದೆ, ಬೆವರಿನಲ್ಲಿ ನೀರೂ ಕಡಿಮೆಯಾಗುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಇಳಿಯುವುದರಿಂದ ಅದು ಬಡಿತ ಏರಿಸಿ ಸರಿದೂಗಿಸುತ್ತದೆ. ಎರಡು ಗ್ಲಾಸ್ ಮಜ್ಜಿಗೆ ಕುಡಿದು, ನೆರಳಲ್ಲಿ ಅರ್ಧ ತಾಸು ಕೂತು ಮತ್ತೆ ಎಣಿಸಿ.

ಹಂತ 12: ಚಿತ್ರ, ಆಮೇಲೆ ತಾಟು

ಗುಂಡಿಗೆ ಇನ್ನೂ ಎದುರಿಗಿರುವಾಗಲೇ ಚಿತ್ರ ಬರೆಯಿರಿ. ಪುಸ್ತಕ ಮುಚ್ಚಿ. ಮೊದಲು ನಡುಗೋಡೆ, ಓರೆಯಾಗಿ. ಆಮೇಲೆ ಎಡ ಗೋಡೆ ದಪ್ಪ, ಬಲ ಗೋಡೆ ತೆಳು. ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪುಗಳು ಮೂರು: ಎರಡೂ ಗೋಡೆ ಒಂದೇ ದಪ್ಪ, ಎರಡು ಎಸಳಿನ ಕವಾಟ ಬಲಕ್ಕೆ, ಮತ್ತು ಮಹಾಪಧಮನಿ ಬಲ ಹೃತ್ಕುಕ್ಷಿಯಿಂದ ಹೊರಟಂತೆ ಗೆರೆ. ಮೂರನೆಯದು ಆಗುವುದಕ್ಕೆ ಕಾರಣವಿದೆ. ಮಹಾಪಧಮನಿ ಎಡದಿಂದ ಹುಟ್ಟಿ ಬಲಕ್ಕೆ ಬಾಗಿ ಏರುತ್ತದೆ, ಶ್ವಾಸಕೋಶದ ಅಪಧಮನಿ ಬಲದಿಂದ ಹುಟ್ಟಿ ಅದರ ಮುಂದೆ ಎಡಕ್ಕೆ ಹಾಯುತ್ತದೆ. ಸ್ಟ್ರಾ ಒಂದೊಂದರಲ್ಲಿ ಒಂದೊಂದು ಹಾಕಿ ನೋಡಿ, ಕತ್ತರಿಯ ಕಾಲುಗಳಂತೆ ಅಡ್ಡ ಹಾಯುತ್ತವೆ. ಹಾಗೇ ಬರೆಯಿರಿ.

ಮುಗಿದ ಮೇಲೆ ತುಂಡುಗಳನ್ನು ಮನೆಯ ಹಿಂದೆ ಆಳವಾಗಿ ಹೂತುಬಿಡಿ. ಮೇಲೆ ಕಲ್ಲು ಇಡಿ, ಇಲ್ಲದಿದ್ದರೆ ಓಣಿಯ ನಾಯಿಗಳು ಸಂಜೆಗೇ ತೆಗೆಯುತ್ತವೆ. ತಾಟು, ಕತ್ತರಿಗಳನ್ನು ಸೋಪಿನಲ್ಲಿ ತೊಳೆದು ಕುದಿಯುವ ನೀರು ಸುರಿಯಿರಿ. ಆ ತಾಟು ಅಡುಗೆಮನೆಯದ್ದಾಗಿದ್ದರೆ ಅಮ್ಮನಿಗೆ ಮೊದಲೇ ಹೇಳಿರಬೇಕಿತ್ತು.